ಘಾಟಿನ ಊರಲ್ಲಿ ಲೇಸರ್ ಕಣ್ಣು

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಅಂತಾರೆ. ನಲವತ್ತಕ್ಕೆ ಬರುವಂಥದ್ದು, ಅದಕ್ಕೇ ಚಾಳೀಸು. ನನಗೆ ಮಾತ್ರ ಏಳನೇ ಇಯತ್ತೆಯಲ್ಲೇ ಬಂತು. ಬೋರ್ಡಿನ ಮೇಲಿನ ಲೆಕ್ಕ ಕಾಣದೆ ಪಕ್ಕದವನ ನೋಟ್‌ಬುಕ್ ನೋಡಿ ಬರೆಯುತ್ತಿದ್ದೆ. ಅವನದು ತಪ್ಪಾದಾಗಲೆಲ್ಲ ನನ್ನದೂ ತಪ್ಪು. ಇಬ್ಬರಿಗೂ ಬೆತ್ತದ ರುಚಿ ತೋರಿಸಿ ಸಾಕಾದ ಮೇಲೆ ಮಾಸ್ತರರಿಗೆ ಅನುಮಾನ ಬಂದು ಅಪ್ಪನನ್ನು ಕರೆಸಿದರು. ಹಾವೇರಿಗೆ ಹೋಗಿ ತೋರಿಸಿದರೆ ಮೈನಸ್ ಎರಡು. ಅಲ್ಲಿಂದ ವರ್ಷಕ್ಕಿಷ್ಟು ಏರುತ್ತಾ ಏರುತ್ತಾ ಇಪ್ಪತ್ತೈದು ದಾಟುವಾಗ ಎರಡೂ ಕಣ್ಣು ಮೈನಸ್ ಐದೂವರೆಗೆ ಬಂದು ನಿಂತವು.

ನಾನು ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಮೆಣಸಿನಕಾಯಿ ವ್ಯಾಪಾರ. ಸುಗ್ಗಿಯಲ್ಲಿ, ಅಂದರೆ ಜನವರಿಯಿಂದ ಮಾರ್ಚ್ ತನಕ, ನಮ್ಮ ಮಾರ್ಕೆಟ್ ನೋಡದವರಿಗೆ ಹೇಳಿ ತಿಳಿಸೋದು ಕಷ್ಟ. ನೆಲವೇ ಕೆಂಪು. ಗಾಳಿಯೂ ಕೆಂಪು ಅಂದರೆ ಉತ್ಪ್ರೇಕ್ಷೆ ಅಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಅದೇ ಮಾರ್ಕೆಟ್ಟಿಗೆ ಗುಂಟೂರು ತಳಿಯ ಕಾಯಿಯೂ ಬರುತ್ತದೆ. ಹಮಾಲರು ಚೀಲ ಬಿಚ್ಚಿ ಸುರಿದಾಗ ಏಳುವ ಘಾಟಿಗೆ ಅದು ಯಾವ ತಳಿ ಅಂತ ಕೇಳುವ ವ್ಯವಧಾನ ಇರುವುದಿಲ್ಲ.

2014ರ ಫೆಬ್ರವರಿಯಲ್ಲಿ ಒಂದು ರಾಶಿಯ ಮೇಲೆ ಬಗ್ಗಿ ಲಾಟ್ ನಂಬರ್ ನೋಡುವಾಗ ಚಾಳೀಸು ಜಾರಿ ಬಿತ್ತು. ಹುಡುಕುವಷ್ಟರಲ್ಲಿ ಚೀಲ ಹೊತ್ತ ಹಮಾಲನ ಕಾಲ ಕೆಳಗೆ ಅದರ ಕಥೆ ಮುಗಿಯಿತು. ಆ ದಿನ ಪೂರ್ತಿ ಕಣ್ಣು ಕಿರಿದು ಮಾಡಿಕೊಂಡೇ ಬರೆದೆ. 33 ಅನ್ನೋದನ್ನು 38 ಅಂತ ಬರೆದದ್ದು ಸಂಜೆ ಪಾವತಿ ಹೊತ್ತಿಗೆ ಗೊತ್ತಾಯಿತು. ಒಬ್ಬ ರೈತನ ದುಡ್ಡು ಇನ್ನೊಬ್ಬನ ಹೆಸರಿಗೆ! ಇಬ್ಬರೂ ಒಳ್ಳೆಯವರು, ಜಗಳ ಆಗಲಿಲ್ಲ. ಸಾಹುಕಾರ್ರು ಮಾತ್ರ, "ಕಣ್ಣು ಕಾಣದವಂಗ ಲೆಕ್ಕ ಕೊಟ್ಟೆ ನೋಡು ನಾನು" ಅಂದರು. ಆ ರಾತ್ರಿಯೇ, ಚಾಳೀಸೇ ಬೇಡವಾಗುವ ಹಾಗೆ ಕಣ್ಣಿಗೆ ಲೇಸರ್ ಆಪರೇಷನ್ ಮಾಡಿಸುವುದು ಅಂತ ಗಟ್ಟಿ ಮಾಡಿದೆ.

ಸುಗ್ಗಿಯಲ್ಲಿ ರಜೆ ಸಿಗುವುದಿಲ್ಲ. ಮಳೆಗಾಲ ಬೇಡ ಅಂತ ಅವ್ವ. ಕೊನೆಗೆ ನವೆಂಬರ್‌ನಲ್ಲಿ ಹುಬ್ಬಳ್ಳಿಗೆ ಹೋದೆ. ಕೇಶ್ವಾಪುರದಲ್ಲಿ ಅತ್ತೆಯ ಮನೆ ಇತ್ತು, ಉಳಿಯುವ ಚಿಂತೆ ಇರಲಿಲ್ಲ.

ಒಂದು ದಿನ ಪೂರ್ತಿ ಪರೀಕ್ಷೆ. ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ನಕ್ಷೆ ತೆಗೆದರು. ಹಳದಿ, ಹಸಿರು, ನೀಲಿ ಬಣ್ಣ ತುಂಬಿದ ಎರಡು ದುಂಡನೆಯ ಚಿತ್ರ. ಕೆಳ ರೆಪ್ಪೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಕಣ್ಣೀರು ಅದರ ಮೇಲೆ ಎಷ್ಟು ಮಿಲಿಮೀಟರ್ ಇಳಿಯುತ್ತದೆ ಅಂತ ನೋಡುವುದು. ನನ್ನದು 14. ಪಾಪೆ ದೊಡ್ಡದಾಗುವ ಹನಿ ಹಾಕಿ ಕಣ್ಣಿನ ಒಳಗೆ ಹಿಂದಿರುವ ಪರದೆಯನ್ನೂ, ಅಂದರೆ ರೆಟಿನಾವನ್ನೂ ನೋಡಿದರು. ಡಾಕ್ಟರ್ರು ಒಂದು ಹಾಳೆಯ ಹಿಂದೆ ಬರೆದು ತೋರಿಸಿದ್ದು ಮಾತ್ರ ನನಗೆ ಸರಿಯಾಗಿ ಅರ್ಥವಾಯಿತು, ಯಾಕೆಂದರೆ ಅದು ಲೆಕ್ಕ. ಬಲಗಣ್ಣಿನ ಕಾರ್ನಿಯಾ ದಪ್ಪ 538 ಮೈಕ್ರಾನ್. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಅಂದರೆ ಇಡೀ ಕಾರ್ನಿಯಾ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ. ಮೇಲಿನ 120 ಮೈಕ್ರಾನಿನ ಪದರವನ್ನು ಬಾಗಿಲಿನ ಹಾಗೆ ಎತ್ತುತ್ತಾರೆ. ಅದು ಮತ್ತೆ ವಾಪಸ್ ಕೂರುತ್ತದೆ, ಆದರೆ ಗಟ್ಟಿತನದ ಲೆಕ್ಕಕ್ಕೆ ಬರುವುದಿಲ್ಲ. ಕೆಳಗೆ ಲೇಸರ್ ಕೊರೆಯುವುದು ಸುಮಾರು 77. ಉಳಿಯುವುದು 341. ಏನೇ ಆದರೂ 250ಕ್ಕಿಂತ ಕಡಿಮೆ ಆಗಬಾರದು, ಕಡಿಮೆಯಾದರೆ ಕಣ್ಣಿನ ಒಳಗಿನ ಒತ್ತಡಕ್ಕೆ ಕಾರ್ನಿಯಾ ಉಬ್ಬಿ ನಿಲ್ಲುವ ಭಯ. ಆರಂಭ ಶಿಲ್ಕು, ಖರ್ಚು, ಅಖೈರು ಶಿಲ್ಕು. ಇಷ್ಟು ಚೊಕ್ಕ ಖಾತೆ ನಮ್ಮ ಅಂಗಡಿಯಲ್ಲೂ ಇಲ್ಲ ಅಂದುಕೊಂಡೆ.

ಆ ಹೊತ್ತಿಗೆ ಅವರು ಒಂದು ಮಾತು ಕೇಳಿದರು. "ಏನ್ ಕೆಲಸ ಮಾಡ್ತೀರಿ?"

"ಲೆಕ್ಕ ಬರಿಯೋದ್ರಿ."

"ಕಂಪ್ಯೂಟರ್ ಮುಂದ ಜಾಸ್ತಿ ಕೂಡ್ತೀರೇನು?"

"ಸ್ವಲ್ಪ ರೀ."

ಎಲ್ಲಿ ಕೂತು ಲೆಕ್ಕ ಬರೆಯುತ್ತೇನೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೆಣಸಿನಕಾಯಿ ಅನ್ನೋ ಶಬ್ದ ಆ ಕೋಣೆಯಲ್ಲಿ ಬರಲೇ ಇಲ್ಲ. ಮೂವತ್ತು ವರ್ಷ ಅದೇ ಗಾಳಿ ಉಸಿರಾಡಿದವನಿಗೆ ಅದೂ ಹೇಳುವ ವಿಷಯ ಅಂತ ಹೊಳೆಯುವುದಾದರೂ ಹೇಗೆ? ಈಗ ಯಾರಾದರೂ ಲೇಸರ್ ಮಾಡಿಸುತ್ತೇನೆ ಅಂದರೆ ನಾನು ಮೊದಲು ಕೇಳುವುದು ಇದನ್ನೇ: ನೀನು ದಿನಾ ಯಾವ ಗಾಳಿಯಲ್ಲಿ ಕೂತಿರುತ್ತೀ?

ಆಪರೇಷನ್ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅಷ್ಟು ಬೇಗ ಮುಗಿಯಿತು. ಹನಿ ಹಾಕಿ ಮರಗಟ್ಟಿಸಿದರು. ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಹಾಕಿದರು. ಒಂದು ಉಂಗುರ ತಂದು ಕಣ್ಣಿನ ಮೇಲೆ ಒತ್ತಿದಾಗ ಎಲ್ಲ ಕತ್ತಲು. ಕಣ್ಣು ತೆರೆದೇ ಇದೆ, ಏನೂ ಕಾಣುವುದಿಲ್ಲ. ಆ ಕೆಲವು ಸೆಕೆಂಡ್ ನಾನು ನೆನೆಯದ ದೇವರಿಲ್ಲ. ಪದರ ಎತ್ತಿದ ಮೇಲೆ ನೀರೊಳಗಿಂದ ನೋಡಿದ ಹಾಗೆ ಒಂದು ದೀಪ ಕಂಡಿತು. ಅದನ್ನೇ ನೋಡುತ್ತಿರಿ ಅಂದರು. ಚಟಚಟ ಸದ್ದು, ಕೂದಲು ಸುಟ್ಟ ವಾಸನೆ. ಒಂದು ಕಣ್ಣಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ವಾಸನೆ ಹಾಗಿದ್ದರೂ ಸುಡುವುದಿಲ್ಲವಂತೆ. 193 ನ್ಯಾನೋಮೀಟರಿನ ಆ ಬೆಳಕು ಅಕ್ಕಪಕ್ಕಕ್ಕೆ ಬಿಸಿ ತಾಗಿಸದೆ ಅಣುಗಳ ಬೆಸುಗೆ ಬಿಡಿಸಿ ಆವಿ ಮಾಡುತ್ತದೆ. ಇದನ್ನು ಕಂಡುಹಿಡಿದ ಮೂವರಲ್ಲಿ ಒಬ್ಬರು ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಅಂತ ಆಮೇಲೆ ಓದಿದೆ. ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ, 1981ರಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡು ತಂದು ಅದರ ಮೇಲೆ ಲೇಸರ್ ಬಿಟ್ಟು ನೋಡಿದರಂತೆ. ಮೊದಲೇ ಗೊತ್ತಿದ್ದರೆ ಮೇಜಿನ ಮೇಲೆ ಮಲಗುವಾಗ ಕೋಳಿಯೇ ನೆನಪಾಗುತ್ತಿತ್ತೇನೋ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು.

ಎರಡೂ ಕಣ್ಣಿಗೆ ಸೇರಿ 36 ಸಾವಿರ ಆಯಿತು. ಬ್ಲೇಡಿನಿಂದ ಪದರ ಎತ್ತುವುದಕ್ಕೆ ಆ ದರ. ಪದರವನ್ನೂ ಲೇಸರ್‌ನಿಂದಲೇ ಎತ್ತುವುದಾದರೆ ಇನ್ನೂ ಜಾಸ್ತಿ ಆಗುತ್ತಿತ್ತು, ನನ್ನ ಕಿಸೆ ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯ ಮನೆಯಲ್ಲಿ ಕಣ್ಣಿನ ಮುಚ್ಚಳ ತೆಗೆದೆ. ಮೊದಲು ಕಂಡದ್ದು ಮೇಲಿನ ಫ್ಯಾನು. ಅದರ ಮೂರೂ ರೆಕ್ಕೆಗಳ ಅಂಚಿಗೆ ಕಾಡಿಗೆ ತೀಡಿದ ಹಾಗೆ ಧೂಳಿನ ಗೆರೆ. ಒಂದು ಕಡೆ ಸಣ್ಣ ಜೇಡರ ಎಳೆ ತೂಗಾಡುತ್ತಿತ್ತು. ಚಾಳೀಸಿಲ್ಲದೆ ಮಲಗಿದಲ್ಲಿಂದಲೇ ಇದೆಲ್ಲ ಕಾಣುತ್ತಿದೆ! ಖುಷಿಗೆ ಕೂಗಿ ಹೇಳಿದೆ. ಅತ್ತೆ ಒಳಗಿಂದ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. "ಮೂವತ್ತಾರು ಸಾವಿರ ಕೊಟ್ಟು ಕಣ್ಣು ಮಾಡಿಸ್ಕೊಂಡು, ನೋಡಾಕ ನಮ್ಮನಿ ಧೂಳಾ ಸಿಕ್ತೇನೋ ನಿನಗ?"

ಊರಿಗೆ ಬಂದ ದಿನ ಇನ್ನೊಂದು. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಅವ್ವ ದೃಷ್ಟಿ ತೆಗೆದರು. ಉಪ್ಪು, ಏಳು ಒಣಮೆಣಸಿನಕಾಯಿ, ಮೂರು ಸಲ ನಿವಾಳಿಸಿ ನೇರ ಒಲೆಯ ಕೆಂಡಕ್ಕೆ. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ ಅಂತ ನಂಬಿಕೆ. ಅವತ್ತು ಬಂದ ಘಾಟಿಗೆ ಪಕ್ಕದ ಮನೆಯವರೂ ಕೆಮ್ಮಿದರು. ಅಂದರೆ ಯಾರ ದೃಷ್ಟಿಯೂ ತಾಗಿಲ್ಲ ಅಂತ ಅವ್ವನಿಗೆ ಸಮಾಧಾನ. ನಾನು ಹೊಸ ಕಣ್ಣು ಮುಚ್ಚಿಕೊಂಡು ಹಿತ್ತಲಿಗೆ ಓಡಿದ್ದೆ.

ಡಿಸೆಂಬರ್ ಚೆನ್ನಾಗಿಯೇ ಕಳೆಯಿತು. ಹನಿ ತಪ್ಪಿಸಲಿಲ್ಲ, ಕಣ್ಣು ತಿಕ್ಕಲಿಲ್ಲ. ಜನವರಿಯಲ್ಲಿ ಆವಕ ಶುರುವಾಯಿತು. ಮೊದಲ ವಾರ ಒಂದು ವಿಚಿತ್ರ ನಡೆಯಿತು. ರಾಶಿ ಸುರಿಯುವಾಗ ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ನನಗೆ ಅಷ್ಟಾಗಿ ಉರಿಯೇ ಇಲ್ಲ. ಮೂಗು ಸುರಿಯುತ್ತದೆ, ಗಂಟಲು ಕೆರೆಯುತ್ತದೆ, ಕಣ್ಣು ಮಾತ್ರ ತಣ್ಣಗೆ. ತೊಟ್ಟು ಬಿಡಿಸುವ ಹೆಂಗಸರಲ್ಲಿ ಒಬ್ಬ ಆಯಿ, "ಏನಪಾ, ಗಾಜಿನ ಕಣ್ಣು ಹಾಕಿಸ್ಕೊಂಡು ಬಂದಿಯೇನು?" ಅಂತ ನಕ್ಕರು. ನಾನೂ ಮೀಸೆ ತಿರುವಿದೆ.

ಎರಡನೇ ವಾರ ಬೆಳಿಗ್ಗೆ ಏಳುವಾಗ ರೆಪ್ಪೆ ಕಣ್ಣಿಗೆ ಅಂಟಿಕೊಂಡಿತ್ತು. ಬಿಡಿಸಿದಾಗ ಹಸಿ ಗಾಯದ ಮೇಲಿನ ಪಟ್ಟಿ ಕಿತ್ತ ಹಾಗಾಯಿತು. ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳು ಕದಡುತ್ತಿದ್ದವು. ಕಣ್ಣು ಪಿಳುಕಿಸಿದರೆ ಒಂದು ಕ್ಷಣ ಸರಿ, ಮತ್ತೆ ಮಸುಕು. ಕನ್ನಡಿಯಲ್ಲಿ ನೋಡಿಕೊಂಡರೆ ನಮ್ಮ ಕಾಯಿಗಿಂತ ಒಳ್ಳೆಯ ಕೆಂಪು.

ಹುಬ್ಬಳ್ಳಿಗೆ ಓಡಿದೆ. ಹಳದಿ ಬಣ್ಣದ ಔಷಧ ಹಾಕಿ ನೀಲಿ ದೀಪದಲ್ಲಿ ನೋಡಿದರು. ಕಾರ್ನಿಯಾದ ಮೇಲೆಲ್ಲ ಹಸಿರು ಚುಕ್ಕೆ ಹೊಳೆಯುತ್ತಿದ್ದವಂತೆ. ಒಣಗಿ ಸಿಪ್ಪೆ ಎದ್ದ ಜಾಗ ಅವು. ಕಾಗದದ ಪಟ್ಟಿ ಈ ಸಲ 6ಕ್ಕೆ ನಿಂತಿತು. "ಧೂಳಿನ ಕೆಲಸ ಏನರ ಮಾಡ್ತೀರೇನು?" ಅಂತ ಕೇಳಿದಾಗ ಬಾಯಿ ಬಿಟ್ಟೆ. ಡಾಕ್ಟರ್ರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು.

ಅವರು ಹೇಳಿದ್ದು ಇಷ್ಟು. ಪದರ ಎತ್ತುವಾಗ ಕಾರ್ನಿಯಾದ ಸಣ್ಣ ಸಣ್ಣ ನರಗಳು ಕತ್ತರಿಸಿ ಹೋಗುತ್ತವೆ. ಒಣಗಿದೆ, ನೀರು ಬಿಡು ಅಂತ ಸುದ್ದಿ ಮುಟ್ಟಿಸುವವೇ ಅವು. ಮತ್ತೆ ಬೆಳೆಯಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷವೂ ಮೀರುತ್ತದೆ. ಅಲ್ಲಿಯವರೆಗೆ ಕಣ್ಣು ಒಣಗುತ್ತದೆ, ಪಿಳುಕಿಸುವುದೂ ಕಡಿಮೆ. ಖಾರ ತಾಗದೆ ಇದ್ದದ್ದು ಕಣ್ಣು ಗಟ್ಟಿಯಾದದ್ದಕ್ಕಲ್ಲ. ಕಾವಲುಗಾರ ಮಲಗಿದ್ದ, ಅಷ್ಟೇ. ನಾನು ಮೀಸೆ ತಿರುವಿದ್ದು ಅವನ ನಿದ್ದೆಯ ಮೇಲೆ.

ಕೆಳ ರೆಪ್ಪೆಯ ಒಳತುದಿಯಲ್ಲಿ ಕಣ್ಣೀರು ಮೂಗಿಗೆ ಇಳಿದು ಹೋಗುವ ಒಂದು ತೂತು ಇದೆ. ಅದಕ್ಕೆ ಸಿಲಿಕೋನಿನ ಬೆಣೆ ಹಾಕಿದರು, ಅಕ್ಕಿ ಕಾಳಿಗಿಂತ ಎಷ್ಟೋ ಸಣ್ಣದು. ಕೆರೆಯ ತೂಬು ಮುಚ್ಚಿ ಇದ್ದ ನೀರನ್ನೇ ಉಳಿಸಿಕೊಂಡ ಹಾಗೆ. ಬಲಗಡೆಯದು ನಾಲ್ಕು ತಿಂಗಳಲ್ಲಿ ಎಲ್ಲೋ ಉದುರಿ ಹೋಯಿತು. ಎಡಗಡೆಯದು ಎರಡು ವರ್ಷ ಇತ್ತು. ಹನಿಯನ್ನೂ ಬದಲಿಸಿದರು. ತಿಂಗಳಿಡೀ ಒಂದೇ ಬಾಟಲಿ ಬಳಸುವ ಹನಿಯಲ್ಲಿ ಕೆಡದಿರಲೆಂದು ಏನೋ ಬೆರೆಸಿರುತ್ತಾರೆ. ದಿನಕ್ಕೆ ಎಂಟು ಸಲ ಹಾಕುವವನಿಗೆ ಅದೇ ಉರಿ ತರುತ್ತದೆ. ಅದಕ್ಕೇ ಒಮ್ಮೆ ಮುರಿದು ಬಳಸಿ ಬಿಸಾಡುವ ಸಣ್ಣ ಸಣ್ಣ ಕೊಳವೆಗಳು. ಅವಕ್ಕೆ ದುಡ್ಡು ಜಾಸ್ತಿ. 36 ಸಾವಿರದ ಲೆಕ್ಕದಲ್ಲಿ ಈ ಬಾಬತ್ತು ಇರಲಿಲ್ಲ.

ಕೊನೆಗೆ ಡಾಕ್ಟರ್ರು, "ಮಾರ್ಕೆಟ್ಟಿನ್ಯಾಗ ಇರುವಾಗ ಕನ್ನಡಕ ಹಾಕ್ಕೋರಿ" ಅಂದರು.

"ನಂಬರ್ ಇಲ್ಲಲ್ರೀ?"

"ಸಾದಾ ಗಾಜಿಂದು. ಇಷ್ಟು ವರ್ಷ ನಿಮ್ಮ ಕಣ್ಣು ಕಾದಿದ್ದು ಅದೇ ರೀ."

ಸೀಟಿನಿಂದ ಏಳಲು ಸ್ವಲ್ಪ ಹೊತ್ತು ಹಿಡಿಯಿತು ನನಗೆ. ಯಾವುದನ್ನು ತೆಗೆದು ಎಸೆಯಲು ಇಷ್ಟೆಲ್ಲ ಮಾಡಿದೆನೋ ಅದನ್ನೇ ಮತ್ತೆ ಹಾಕಿಕೊಳ್ಳುವುದು! ಪಕ್ಕಕ್ಕೂ ಮುಚ್ಚಿರುವ ಒಂದು ಸಾದಾ ಗಾಜಿನ ಚಾಳೀಸು ಕೊಂಡೆ. ಮರುದಿನ ಅಂಗಡಿಗೆ ಹೋದರೆ ನನ್ನ ಕಷ್ಟ ಯಾರಿಗೂ ಬೇಡ. ಹಮಾಲರಿಂದ ಹಿಡಿದು ಖರೀದಿದಾರರವರೆಗೆ ಎಲ್ಲರದೂ ಒಂದೇ ಮಾತು, "ಆಪ್ರೇಷನ್ ಫೇಲ್ ಆತೇನ್ರಿ?" ಒಂದು ವಾರ ಬಿಡಿಸಿ ಹೇಳಿದೆ. ಆಮೇಲೆ "ಹೌದ್ರಿ" ಅಂದು ಸುಮ್ಮನಾದೆ, ಅದೇ ಸುಲಭ.

ಇನ್ನು ರಾತ್ರಿಯ ವಿಷಯ. ಇದನ್ನು ಮೊದಲೇ ಹೇಳಿದ್ದರು, ಆದರೆ ಹೇಳಿದ್ದು ಬೇರೆ, ನೋಡಿದ್ದು ಬೇರೆ. ಶಿಗ್ಗಾವಿಯಲ್ಲಿ ಮದುವೆ ಮುಗಿಸಿ ಬೈಕಿನಲ್ಲಿ ಹೆದ್ದಾರಿ 48ಕ್ಕೆ ಬಿದ್ದೆ. ಎದುರಿನ ಲಾರಿಯ ದೀಪದ ಸುತ್ತ ದೊಡ್ಡ ಬಳೆ. ದೇವರ ಹಿಂದಿನ ಪ್ರಭಾವಳಿ ಇರುತ್ತದಲ್ಲ, ಥೇಟ್ ಅದೇ. ಬಂಕಾಪುರದ ಟೋಲ್ ಹತ್ತಿರ ಬಂದಾಗ ಸಾಲು ದೀಪಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಯಾವ ಗೇಟು ಎಲ್ಲಿದೆ ತಿಳಿಯದೆ ಬೈಕ್ ನಿಲ್ಲಿಸಿಬಿಟ್ಟೆ. ಕತ್ತಲಲ್ಲಿ ಪಾಪೆ ಅಗಲವಾಗುತ್ತದೆ. ಲೇಸರ್ ತಿದ್ದಿದ ವೃತ್ತದ ಅಂಚಿನಿಂದಲೂ ಬೆಳಕು ಒಳಗೆ ಬಂದು ಹರಡುತ್ತದೆ. ಕಣ್ಣು ಒಣಗಿದ್ದರೆ ಇನ್ನೂ ಜಾಸ್ತಿ. ಆರೇಳು ತಿಂಗಳಲ್ಲಿ ಬಳೆ ಸಣ್ಣದಾಯಿತು. ಹನ್ನೊಂದು ವರ್ಷವಾದರೂ ಪೂರ್ತಿ ಹೋಗಿಲ್ಲ. ರಾತ್ರಿ ಹುಬ್ಬಳ್ಳಿಯಿಂದ ಬರುವುದಿದ್ದರೆ ನಾನು ರೈಲು ಹಿಡಿಯುತ್ತೇನೆ. ಬೈಕ್ ಬಿಟ್ಟದ್ದಕ್ಕೆ ಹೆಂಡತಿಗೆ ಖುಷಿ, ನನಗೆ ಈಗ ಅಭ್ಯಾಸ.

ಇದನ್ನೆಲ್ಲ ತಪಾಸಣೆಗೆ ಹೋದಾಗ ಹೇಳುತ್ತೇನೆ. ಅವರು ಆರು ಮೀಟರ್ ದೂರದ ಅಕ್ಷರ ತೋರಿಸುತ್ತಾರೆ. ಕೊನೆಯ ಸಾಲಿನವರೆಗೆ ಗಡಗಡ ಓದುತ್ತೇನೆ. 6/6 ಅಂತ ಬರೆಯುತ್ತಾರೆ. ಸುಳ್ಳಲ್ಲ. ಆದರೆ ಆ ಕೋಣೆಯಲ್ಲಿ ಲಾರಿ ಬರುವುದಿಲ್ಲ, ಘಾಟಿಲ್ಲ, ಬೆಳಗಿನ ಐದು ಗಂಟೆಯೂ ಇಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರ, ತಂಪು ಗಾಳಿ. ಅಲ್ಲಿ ನನಗಿಂತ ಹುಷಾರು ಕಣ್ಣು ಯಾರದೂ ಅಲ್ಲ. ಹಾಗಂತ ನಾನು ನೊಂದುಕೊಂಡು ಕೂತವನೂ ಅಲ್ಲ. ಮಳೆಯಲ್ಲಿ ಬೈಕ್ ಓಡಿಸುವಾಗ, ಈಜಲು ಬಾವಿಗೆ ಹಾರುವಾಗ, ರಾತ್ರಿ ಮಗಳು ಎದ್ದು ಅತ್ತಾಗ ತಲೆದಿಂಬಿನ ಕೆಳಗೆ ತಡಕಾಡದೆ ಏಳುವಾಗ, ಆ 36 ಸಾವಿರ ವಸೂಲಾಗಿದೆ ಅನ್ನಿಸುತ್ತದೆ. ಈಗ ತಲೆದಿಂಬಿನ ಪಕ್ಕ ಚಾಳೀಸಿನ ಬದಲು ಹನಿಯ ಕೊಳವೆ ಇರುತ್ತದೆ. ಕಣ್ಣು ಬಿಡುವ ಮುಂಚೆ ರೆಪ್ಪೆಯ ಸಂದಿಗೆ ಒಂದು ಹನಿ, ಎಣಿಸಿ ಹತ್ತು, ಆಮೇಲೆ ನಿಧಾನಕ್ಕೆ ತೆರೆಯುವುದು. ದಿನದ ಮೊದಲ ಕೆಲಸ ಅದು, ಚಹಾಕ್ಕಿಂತ ಮೊದಲು.

ಕಳೆದ ವರ್ಷ, 2025ರಲ್ಲಿ, ನನಗೆ ನಲವತ್ತಾಯಿತು. ಲಾಟ್ ಚೀಟಿ ಹಿಡಿದ ಕೈ ದಿನಕ್ಕಿಷ್ಟು ದೂರ ಸರಿಯುತ್ತಿತ್ತು. ಹಳೆಯ ನಂಬರ್ ವಾಪಸ್ ಬಂತು ಅಂತ ಎದೆ ಧಸಕ್ಕೆಂದಿತು. ಹುಬ್ಬಳ್ಳಿಯಲ್ಲಿ ನೋಡಿದವರು ನಕ್ಕರು. ದೂರಕ್ಕೆ ಏನೂ ಆಗಿಲ್ಲ, ಹತ್ತಿರಕ್ಕೆ ಪ್ಲಸ್ ಒಂದು. ಲೇಸರ್ ಮುಟ್ಟಿದ್ದು ಮುಂದಿನ ಕಾರ್ನಿಯಾವನ್ನು. ವಯಸ್ಸಿಗೆ ಬಿಗಿಯಾಗುವುದು ಒಳಗಿನ ಮಸೂರ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಎಲ್ಲರಿಗೂ ಬರುವಂಥದ್ದೇ. ಅಂತೂ ಹೆಸರಿಗೆ ತಕ್ಕ ಚಾಳೀಸು ತನ್ನ ಹೊತ್ತಿಗೆ ಸರಿಯಾಗಿ ಬಂತು.

ಹೊಟ್ಟೆ ಉರಿಯುವುದು ಬೇರೆಯದಕ್ಕೆ. ನಮ್ಮ ಅಂಗಡಿಯ ಹಿರಿಯ ಗುಮಾಸ್ತರಿಗೆ ಐವತ್ತಾರು, ಮೈನಸ್ ಮೂರು, ಲೇಸರ್ ಗೀಸರ್ ಅಂದರೆ ಕೈಮುಗಿಯುವವರು. ಸಣ್ಣ ಅಕ್ಷರ ಓದಬೇಕೆಂದರೆ ಚಾಳೀಸನ್ನು ಹಣೆಗೆ ಏರಿಸಿ, ಚೀಟಿ ಮೂಗಿನ ಹತ್ತಿರ ಹಿಡಿದು, ಸೂಜಿಯಂತೆ ಓದಿ ಬಿಡುತ್ತಾರೆ. ಮೈನಸ್ ಕಣ್ಣಿಗೆ ಹತ್ತಿರದ್ದು ಬರಿಗಣ್ಣಲ್ಲೇ ಕಾಣುತ್ತದೆ. ಆ ಸವಲತ್ತು ನನ್ನ ಹತ್ತಿರವೂ ಇತ್ತು, ದುಡ್ಡು ಕೊಟ್ಟು ತೆಗೆಸಿಕೊಂಡೆ. "ಕೊಡು ಇಲ್ಲೆ, ನಾ ಓದತೀನಿ" ಅಂತ ಅವರು ನನ್ನ ಕೈಯಿಂದ ಚೀಟಿ ಕಸಿಯುವಾಗ ಮುಖದ ಮೇಲೆ ಒಂದು ನಗು ಇರುತ್ತದೆ. ಅದನ್ನು ಸಹಿಸುವುದು ಕಷ್ಟ.

ಲೇಸರ್‌ಗೆ ಮುಂಚಿನ ಎಲ್ಲ ರಿಪೋರ್ಟುಗಳನ್ನು ಒಂದು ಕೆಂಪು ಫೈಲಿನಲ್ಲಿ ಇಟ್ಟಿದ್ದೇನೆ. ಮುಂದೆ ಕಣ್ಣಿಗೆ ಪೊರೆ ಬಂದರೆ ಒಳಗೆ ಕೂರಿಸುವ ಲೆನ್ಸಿನ ಲೆಕ್ಕ ನನ್ನಂಥವರಿಗೆ ತಪ್ಪಬಹುದು, ಕಾರ್ನಿಯಾದ ಆಕಾರ ಬದಲಾಗಿರುತ್ತದಲ್ಲ. ಹಳೆಯ ಅಳತೆ ಇದ್ದರೆ ಅವರಿಗೆ ಅನುಕೂಲ. ಕಣ್ಣಿನ ಒತ್ತಡ ನೋಡುವಾಗಲೂ ಲೇಸರ್ ಆಗಿದೆ ಅಂತ ಹೇಳಲೇಬೇಕು. ತೆಳುವಾದ ಕಾರ್ನಿಯಾದ ಮೇಲೆ ಒತ್ತಡ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಮೈನಸ್ ಕಣ್ಣಿನ ಗುಡ್ಡೆ ಉದ್ದ ಬೆಳೆದಿರುತ್ತದೆ, ಅದರಿಂದ ಹಿಂದಿನ ಪರದೆ ಎಳೆದು ತೆಳುವಾಗಿರುತ್ತದೆ. ನಂಬರ್ ಹೋದರೂ ಆ ಉದ್ದ ಹೋಗಿಲ್ಲ, ಪರದೆ ಹರಿಯುವ ಭಯ ಹಾಗೇ ಇದೆ. ಅದಕ್ಕೆ ವರ್ಷಕ್ಕೊಮ್ಮೆ ಹನಿ ಹಾಕಿಸಿಕೊಂಡು ನೋಡಿಸುತ್ತೇನೆ. ಈ ಫೈಲನ್ನು ಎಲ್ಲಿಟ್ಟಿದ್ದೇನೆ ಅಂತ ಹೆಂಡತಿಗೂ ಹೇಳಿದ್ದೇನೆ, ಮನೆ ಪತ್ರದ ಜೊತೆಗೇ ಇದೆ.

ಹೋದ ತಿಂಗಳು ಅಕ್ಕನ ಮಗ ಬಂದಿದ್ದ. ಇಪ್ಪತ್ತು ವರ್ಷ, ಮೈನಸ್ ನಾಲ್ಕು, ಪೊಲೀಸ್ ಭರ್ತಿಗೆ ತಯಾರಿ. "ಮಾಮಾ, ಮಾಡಿಸ್ಲ್ಯೋ ಬ್ಯಾಡೋ, ಒಂದ ಮಾತಿನ್ಯಾಗ ಹೇಳು." ಹೋದ ವರ್ಷ ನಂಬರ್ ಎಷ್ಟಿತ್ತು ಅಂತ ಕೇಳಿದೆ. ಮೂರೂವರೆ ಅಂದ. ಹಾಗಾದರೆ ಇನ್ನೂ ಏರುತ್ತಿದೆ, ನಿಲ್ಲುವ ತನಕ ತಡಿ ಅಂದೆ. ಭರ್ತಿಯ ನಿಯಮದಲ್ಲಿ ಲೇಸರ್ ಬಗ್ಗೆ ಏನಿದೆ ಅಂತಲೂ ಮೊದಲು ಓದು ಅಂದೆ. ಆಮೇಲೆ ನನ್ನ ಕಥೆ ಶುರು ಮಾಡಿದೆ. ಅವನು ಮೊಬೈಲ್ ತೆಗೆದ.

ಈಗ ನನ್ನ ಹತ್ತಿರ ಎರಡು ಚಾಳೀಸು ಆಗಿದ್ದವು. ಘಾಟಿಗೆ ಒಂದು, ಚೀಟಿಗೆ ಒಂದು. ಸುಗ್ಗಿಯ ಗದ್ದಲದಲ್ಲಿ ಒಂದನ್ನು ತೆಗೆದು ಇನ್ನೊಂದು ಹಾಕುವಾಗಲೇ ಧೂಳು ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆ ಹಾವೇರಿಯ ಕನ್ನಡಕದ ಅಂಗಡಿಗೆ ಹೋಗಿ ಎರಡನ್ನೂ ಸೇರಿಸಿ ಒಂದೇ ಮಾಡಿಕೊಡು ಅಂದೆ. ಹುಡುಗ ಚೀಟಿ ತಿರುಗಿಸಿ ಮುರುಗಿಸಿ ನೋಡಿದ.

"ಕೆಳಗ ಪ್ಲಸ್ ಒಂದು ಸರಿ ಐತ್ರಿ. ಮ್ಯಾಲ ಏನೂ ಇಲ್ಲಲ್ರೀ, ಸೊನ್ನಿ ಐತಿ. ಮ್ಯಾಲ ಯಾತಕ್ಕ ಗ್ಲಾಸು?"

"ಮೆಣಸಿನಕಾಯಿಗೆ" ಅಂದೆ.

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಯಾವೂರು ಅಂತ ಕೇಳಿದ. ಬ್ಯಾಡಗಿ ಅಂದ ಕೂಡಲೇ "ಹಂಗ ಹೇಳ್ರಿ ಮತ್ತ" ಅಂತ ಬರೆದುಕೊಂಡ. ಸೋಮವಾರ ಕೊಡುತ್ತಾನಂತೆ.